ಸುಮ್ಮನಿದ್ದರೆ ಸುಂಕ ಜಾಸ್ತಿ

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಫೌಂಡ್ರಿ ಇದೆ. ಮ್ಯಾನ್‌ಹೋಲ್ ಮುಚ್ಚಳ, ಚರಂಡಿ ಜಾಲರಿ ಮಾಡಿ ಯುರೋಪಿಗೆ ಕಳಿಸುತ್ತೇವೆ. ಭಾರತದ ಮಾಲಿನ ಮೇಲೆ ಆ್ಯಂಟಿ ಡಂಪಿಂಗ್ ದೂರು (ಸ್ವಂತ ದೇಶಕ್ಕಿಂತ ಅಗ್ಗವಾಗಿ ಹೊರಗೆ ಮಾರುತ್ತಾರೆ ಎಂಬ ದೂರು) ಬರಬಹುದು ಎಂದು ಅಲ್ಲಿನ ನಮ್ಮ ಖರೀದಿದಾರರು ಫೋನ್ ಮಾಡಿದ್ದರು. ‘ಅದನ್ನೆಲ್ಲ ದೊಡ್ಡ ಕಂಪನಿಗಳು ನೋಡಿಕೊಳ್ಳುತ್ತವೆ, ನಾವು ತಲೆ ಹಾಕುವುದು ಬೇಡ’ ಅನ್ನುತ್ತಾನೆ ನನ್ನ ತಮ್ಮ. ತನಿಖೆ ಶುರುವಾದರೆ ನಮ್ಮಂಥವರು ಏನು ಮಾಡಬೇಕು?
– ಒಬ್ಬ ಓದುಗರು, ಬೆಳಗಾವಿ

ಉತ್ತರ: ಈ ಒಂದು ವಿಷಯದಲ್ಲಿ ನಿಮ್ಮ ತಮ್ಮನ ಮಾತು ಕೇಳಬೇಡಿ. ಕಾಸ್ಟ್ ಅಕೌಂಟೆಂಟ್ ಆಗಿ ಇಂಥ ತನಿಖೆಗಳಿಗೆ ಲೆಕ್ಕ ತಯಾರಿಸುವವನು ನಾನು. ಇದರಲ್ಲಿ ಬೆಲೆ ಕಡಿಮೆ ಮಾಡಿದವರಷ್ಟೇ ಪೆಟ್ಟು ತಿನ್ನುವುದಿಲ್ಲ. ಉತ್ತರ ಕೊಡದೆ ಕೂತವರಿಗೆ ಪೆಟ್ಟು ಇನ್ನೂ ಜಾಸ್ತಿ. ನೀವು ಮಾಹಿತಿ ಕೊಡದಿದ್ದರೆ, ದೂರು ಕೊಟ್ಟವರ ಅಂಕಿಗಳನ್ನೇ ಹಿಡಿದು ಸುಂಕ ನಿಗದಿ ಮಾಡಲು ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದದಲ್ಲಿ ಅವಕಾಶವಿದೆ.

ನಿಮ್ಮದೇ ಮಾಲಿನ ಉದಾಹರಣೆ ಕೇಳಿ. 2016ರ ಡಿಸೆಂಬರಿನಲ್ಲಿ ಯುರೋಪಿಯನ್ ಕಮಿಷನ್ ಚೀನಾ ಮತ್ತು ಭಾರತದ ಎರಕದ ಮುಚ್ಚಳಗಳ ಮೇಲೆ ಒಟ್ಟಿಗೇ ತನಿಖೆ ಶುರು ಮಾಡಿತು. 2018ರ ಜನವರಿಯಲ್ಲಿ ಚೀನಾದ ಮಾಲಿಗೆ ಶೇ. 15.5ರಿಂದ 38.1ರವರೆಗೆ ಸುಂಕ ಬಿತ್ತು. ಭಾರತದ ಮೇಲಿನ ತನಿಖೆ ಸುಂಕವಿಲ್ಲದೆ ಮುಗಿಯಿತು. ಹೆದರಿ ಮಾರುಕಟ್ಟೆ ಬಿಡಬೇಕಾಗಿಲ್ಲ ಎನ್ನುವುದಕ್ಕೆ ಇದನ್ನು ಹೇಳಿದೆ.

ಯುರೋಪಿನಲ್ಲಿ ರಫ್ತುದಾರರು ತುಂಬಾ ಜನ ಇದ್ದರೆ ಕೆಲವರನ್ನಷ್ಟೇ ಮಾದರಿಯಾಗಿ ಆರಿಸಿ ಅವರ ಲೆಕ್ಕ ನೋಡುತ್ತಾರೆ. ಅದಕ್ಕೂ ಮೊದಲು ಎಲ್ಲರೂ ಒಂದು ಚಿಕ್ಕ ಫಾರಂ ತುಂಬಬೇಕು: ಎಷ್ಟು ಟನ್ ಕಳಿಸಿದಿರಿ, ಎಷ್ಟು ಹಣಕ್ಕೆ, ನಿಮಗೆ ಸಂಬಂಧಪಟ್ಟ ಬೇರೆ ಕಂಪನಿ ಯಾವುದು. ಗಡುವು ದಿನಗಳ ಲೆಕ್ಕದಲ್ಲಿರುತ್ತದೆ, ವಾರಗಟ್ಟಲೆ ಸಿಗುವುದಿಲ್ಲ. ಇದನ್ನು ತುಂಬಿ, ಮಾದರಿಗೆ ಆಯ್ಕೆಯಾಗದಿದ್ದರೆ ನಿಮಗೆ ಮಾದರಿ ಕಂಪನಿಗಳ ಸರಾಸರಿ ದರ ಸಿಗುತ್ತದೆ. ತುಂಬದಿದ್ದರೆ ‘ಉಳಿದವರೆಲ್ಲ’ ಎಂಬ ಸಾಲಿನ ದರ, ಸಾಮಾನ್ಯವಾಗಿ ಪಟ್ಟಿಯಲ್ಲಿ ಅದೇ ಅತಿ ಹೆಚ್ಚು. ಸಣ್ಣವರಿಗೆ ಇದಕ್ಕಿಂತ ಅಗ್ಗದ ರಕ್ಷಣೆ ನನಗೆ ಗೊತ್ತಿಲ್ಲ.

ಆಯ್ಕೆಯಾದರೆ ದೊಡ್ಡ ಪ್ರಶ್ನಾವಳಿ ಬರುತ್ತದೆ. ಉತ್ತರಿಸಲು ಕನಿಷ್ಠ 30 ದಿನ ಕೊಡಬೇಕು ಎಂಬುದು ನಿಯಮ. ಅಷ್ಟರಲ್ಲಿ ಒಂದು ವರ್ಷದ ಒಂದೊಂದು ಇನ್‌ವಾಯ್ಸ್, ಒಂದೊಂದು ನಮೂನೆಯ ತಯಾರಿ ವೆಚ್ಚ ಬರೆದು ಕೊಡಬೇಕು. ಅವರು ಹೋಲಿಸುವುದು ನೀವು ಇಲ್ಲಿ ಮಾರಿದ ಬೆಲೆ ಮತ್ತು ಅಲ್ಲಿಗೆ ಮಾರಿದ ಬೆಲೆಯನ್ನು, ಎರಡನ್ನೂ ಕಾರ್ಖಾನೆ ಬಾಗಿಲಿನ ಮಟ್ಟಕ್ಕೆ ಇಳಿಸಿ. ಫಲಿತಾಂಶ ನಿಲ್ಲುವುದೇ ಈ ಇಳಿಸುವಿಕೆಯಲ್ಲಿ.

ಲೆಕ್ಕಕ್ಕೆ ಹೀಗಿಟ್ಟುಕೊಳ್ಳಿ. ಪುಣೆಯ ಗುತ್ತಿಗೆದಾರನಿಗೆ ಕಿಲೋಗೆ 100 ರೂಪಾಯಿಯಂತೆ ಮಾರಿದಿರಿ. ಲಾರಿ ಬಾಡಿಗೆ 4 ರೂಪಾಯಿ ನಿಮ್ಮದೇ. ಮೂರು ತಿಂಗಳು ಸಾಲ ಕೊಟ್ಟಿದ್ದರ ಬಡ್ಡಿ 2 ರೂಪಾಯಿ. ನಿಜವಾಗಿ ಕೈಗೆ ಬಂದಿದ್ದು 94. ರಫ್ತಿನಲ್ಲಿ ಹಡಗು, ವಿಮೆ, ಕಮಿಷನ್ ಎಲ್ಲ ಕಳೆದು 93 ಉಳಿಯಿತು. ಅಂತರ ಒಂದೇ ರೂಪಾಯಿ, ಸುಮಾರು ಶೇ. 1. ಅಂತರ ಶೇ. 2ಕ್ಕಿಂತ ಕಡಿಮೆಯಿದ್ದರೆ ಸುಂಕವಿಲ್ಲ. ಆದರೆ ಬಾಡಿಗೆ, ಬಡ್ಡಿಯ ದಾಖಲೆ ತೋರಿಸಲು ಆಗದಿದ್ದರೆ 100ಕ್ಕೂ 93ಕ್ಕೂ ಹೋಲಿಸುತ್ತಾರೆ. ಆಗ ಅಂತರ ಶೇ. 7 ದಾಟುತ್ತದೆ. ಮಾರಿದ್ದು ಅದೇ ಬೆಲೆಗೆ, ಕೆಡಿಸಿದ್ದು ಕಾಣೆಯಾದ ಲಾರಿ ರಸೀದಿ!

ಇನ್ನೊಂದು ವಿಷಯ. ಇಲ್ಲಿ ಭಾರತೀಯ ಗುಣಮಟ್ಟದ ಸಾದಾ ಮುಚ್ಚಳ ಮಾರಿ, ಅಲ್ಲಿಗೆ ಹೆಚ್ಚು ಭಾರ ತಡೆಯುವ ಡಿ400 ದರ್ಜೆಯ ಡಕ್ಟೈಲ್ ಐರನ್ ಮುಚ್ಚಳ ಕಳಿಸುತ್ತಿದ್ದರೆ ಎರಡನ್ನೂ ‘ಮುಚ್ಚಳ’ ಅಂತ ಒಂದೇ ಲೆಡ್ಜರಿನಲ್ಲಿ ಸೇರಿಸಬೇಡಿ. ಪಿಗ್ ಐರನ್, ಸ್ಕ್ರ್ಯಾಪ್, ಕರೆಂಟು, ಫೆಟ್ಲಿಂಗ್ (ಎರಕವನ್ನು ತೀಡಿ ಶುಚಿ ಮಾಡುವ) ಕೂಲಿ, ರಿಜೆಕ್ಷನ್ ಎಲ್ಲವನ್ನೂ ನಮೂನೆವಾರು ಬರೆದಿಡಿ. ಅಚ್ಚಿನ ದಾರಿಯಲ್ಲಿ ಉಳಿಯುವ ಲೋಹ, ಅಂದರೆ ರನ್ನರ್, ರೈಸರ್ ಮತ್ತೆ ಫರ್ನೆಸ್ಸಿಗೆ ಹೋಗುತ್ತದಲ್ಲ, ಅದರ ತೂಕವನ್ನೂ ಬರೆಯಿರಿ. ಬರೆಯದಿದ್ದರೆ ನಿಮ್ಮ ವೆಚ್ಚ ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ. ತಯಾರಿ ವೆಚ್ಚಕ್ಕಿಂತ ಕಡಿಮೆಗೆ ಮಾಡಿದ ದೇಶದೊಳಗಿನ ಮಾರಾಟ ಒಂದು ಮಿತಿ ದಾಟಿದರೆ ಅವನ್ನು ಹೋಲಿಕೆಯಿಂದಲೇ ತೆಗೆದುಹಾಕುತ್ತಾರೆ; ಆಗ ಇಲ್ಲಿನ ಬೆಲೆ ಜಾಸ್ತಿ ಕಂಡು ಅಂತರ ಹಿಗ್ಗುತ್ತದೆ. ಇದನ್ನೆಲ್ಲ ದೂರು ಬಂದ ಮೇಲೆ ಶುರು ಮಾಡಿದರೆ 30 ದಿನ ಎಲ್ಲಿಗೂ ಸಾಲದು. ಖರೀದಿದಾರರ ಫೋನ್ ಬಂದಿರುವ ಈ ಹೊತ್ತೇ ಸರಿ.

ಸಮಯದ ಬಗ್ಗೆ ನಾನು ಕಟುವಾಗಿಯೇ ಹೇಳುತ್ತೇನೆ. ಅಮೆರಿಕ 2020ರಲ್ಲಿ ಭಾರತದ ಕ್ವಾರ್ಟ್ಜ್ ಸ್ಲ್ಯಾಬುಗಳ ಮೇಲೆ ಸುಂಕ ಹಾಕಿತು. ಹೆಚ್ಚಿನವರಿಗೆ ಅದು ಶೇ. 3ರ ಆಸುಪಾಸು. ಮೊದಲ ಮರುಪರಿಶೀಲನೆಯಲ್ಲಿ ಒಂದು ಕಂಪನಿಯ ಉತ್ತರ ಕೆಲವೇ ಗಂಟೆ ತಡವಾಗಿ ಹೋಯಿತು. ಅಧಿಕಾರಿಗಳು ಅದನ್ನು ತಿರಸ್ಕರಿಸಿ ಶೇ. 323.12 ದರ ಹಾಕಿದರು. ಇನ್ನೊಂದು ಕಂಪನಿಗೆ ಸೊನ್ನೆ ಬಂದಿತ್ತು. ಎರಡರ ಸರಾಸರಿ, ಅಂದರೆ ಶೇ. 161.56, ಮರುಪರಿಶೀಲನೆಯಲ್ಲಿದ್ದೂ ಪ್ರತ್ಯೇಕವಾಗಿ ಲೆಕ್ಕ ನೋಡದ ಉಳಿದ ಕಂಪನಿಗಳ ತಲೆ ಮೇಲೆ ಬಿತ್ತು. ಅವರು ಕೋರ್ಟಿಗೆ ಹೋಗಬೇಕಾಯಿತು. ಗಡುವು ಮುಗಿಯುವ ವಾಷಿಂಗ್ಟನ್ನಿನ ಸಂಜೆ ಐದು ಗಂಟೆ ನಮಗೆ ನಡುರಾತ್ರಿ ದಾಟಿದ ಹೊತ್ತು. ಗಡುವಿನ ಹಿಂದಿನ ದಿನವೇ ಕಳಿಸಿಬಿಡಿ. ಆಗುವುದಿಲ್ಲ ಎನಿಸಿದರೆ ಗಡುವು ಮುಗಿಯುವ ಮೊದಲೇ ಹೆಚ್ಚಿನ ಸಮಯ ಕೇಳಿ.

ಒಬ್ಬರೇ ಹೋರಾಡಬೇಡಿ. ಮಾದರಿಯಲ್ಲಿ ಸಿಕ್ಕವರ ಲೆಕ್ಕ ನಿಮ್ಮ ದರವನ್ನೂ ನಿರ್ಧರಿಸುತ್ತದೆ ಅಲ್ವಾ? ಬೆಳಗಾವಿಯ ಫೌಂಡ್ರಿಯವರೆಲ್ಲ ಸೇರಿ ಒಬ್ಬ ವಕೀಲರನ್ನು ಹಿಡಿಯಿರಿ. ಎಂಜಿನಿಯರಿಂಗ್ ರಫ್ತುದಾರರ ಮಂಡಳಿಯಾದ ಇಇಪಿಸಿ ಇಂಡಿಯಾಕ್ಕೆ ಬರೆಯಿರಿ. ದೆಹಲಿಯಲ್ಲಿರುವ ಕೇಂದ್ರ ಸರ್ಕಾರದ ಡಿಜಿಟಿಆರ್ (ವ್ಯಾಪಾರ ಪರಿಹಾರ ಮಹಾನಿರ್ದೇಶನಾಲಯ) ಕಚೇರಿಯಲ್ಲಿ ಇಂಥ ರಫ್ತುದಾರರಿಗೆ ನೆರವಾಗಲೆಂದೇ ಒಂದು ವಿಭಾಗವಿದೆ, ಕೇಳಲು ಸಂಕೋಚ ಬೇಡ. ನಿಮ್ಮ ಖರೀದಿದಾರರೂ ತನಿಖೆಯಲ್ಲಿ ಮಾತಾಡಬಹುದು. ಸುಂಕ ಕಟ್ಟುವವರು ಅವರೇ ಆದ್ದರಿಂದ ಅವರ ಮಾತಿಗೆ ತೂಕವಿದೆ.

ಪ್ರಶ್ನೆ: ನಾನು ಹುಬ್ಬಳ್ಳಿಯ ಒಂದು ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತೇನೆ. ಆ್ಯಂಟಿ ಡಂಪಿಂಗ್ ತನಿಖೆಯಾದರೆ ವಿದೇಶದ ಅಧಿಕಾರಿಗಳು ಬಂದು ಪುಸ್ತಕ ನೋಡುತ್ತಾರಂತೆ. ನಿಜವೇ?
– ಒಬ್ಬ ಓದುಗರು, ಹುಬ್ಬಳ್ಳಿ

ಉತ್ತರ: ನಿಜ ತಂಗಿ. ಮೊದಲೇ ತಿಳಿಸಿ, ಒಪ್ಪಿಗೆ ಪಡೆದು ಬರುತ್ತಾರೆ. ಒಂದು ಇನ್‌ವಾಯ್ಸ್ ತೆಗೆದು ಅದರ ಆರ್ಡರ್, ಹೀಟ್ ದಾಖಲೆ (ಒಂದೊಂದು ಸಲ ಲೋಹ ಕರಗಿಸಿದ ಲೆಕ್ಕ), ತೂಕದ ಚೀಟಿ, ಶಿಪ್ಪಿಂಗ್ ಬಿಲ್, ಬ್ಯಾಂಕಿಗೆ ಹಣ ಬಂದ ಕಾಗದ ಎಲ್ಲವನ್ನೂ ಸಾಲಾಗಿ ಕೇಳುತ್ತಾರೆ. ಆಮೇಲೆ ಒಟ್ಟು ಮೊತ್ತ ಆಡಿಟ್ ಆದ ಬ್ಯಾಲೆನ್ಸ್ ಶೀಟಿಗೆ ಕೂಡುತ್ತದೆಯೇ ನೋಡುತ್ತಾರೆ. ಟ್ಯಾಲಿಯಲ್ಲಿರುವುದು ಒಂದು, ಕಳಿಸಿದ ಉತ್ತರದಲ್ಲಿರುವುದು ಇನ್ನೊಂದು ಆಗಬಾರದು. ಆ ದಿನ ಮಾಲೀಕರ ಪಕ್ಕದಲ್ಲಿ ನೀವೇ ಕೂರಬೇಕು, ಪುಸ್ತಕ ಬರೆದವರು ನೀವು. ಗೊತ್ತಿಲ್ಲದ್ದನ್ನು ಊಹಿಸಿ ಹೇಳಬೇಡಿ, ‘ನೋಡಿ ಹೇಳುತ್ತೇನೆ’ ಅನ್ನಿ. ಅದಕ್ಕೆ ಅವರು ಬೇಸರ ಮಾಡಿಕೊಳ್ಳುವುದಿಲ್ಲ.