ಕಮಿಷನರ್ ಇಫ್ತಿಖಾರ್, ಇನ್ಸ್‌ಪೆಕ್ಟರ್ ಜಗದೀಶ್ ರಾಜ್: ಸಂಪಾದಕರ ಉತ್ತರ

ಹಳೆಯ ಹಿಂದಿ ಚಿತ್ರಗಳಲ್ಲಿ ಸದಾ ಪೊಲೀಸ್ ಆಗಿ ಬರುತ್ತಿದ್ದ ಇಫ್ತಿಖಾರ್ ಅವರದೇ ಅಲ್ಲವೇ ಗಿನ್ನೆಸ್ ದಾಖಲೆ, ಖಾಕಿಯೊಳಗೆ ಅಂಥ ನಟ ವ್ಯರ್ಥವಾಗಲಿಲ್ಲವೇ ಎಂದು ಕೇಳಿದ್ದೀರಿ.

ದಾಖಲೆ ಅವರದಲ್ಲ. 144 ಚಿತ್ರಗಳಲ್ಲಿ ಪೊಲೀಸ್ ಪಾತ್ರ ಮಾಡಿ ಗಿನ್ನೆಸ್ ಪುಸ್ತಕ ಸೇರಿದವರು ಜಗದೀಶ್ ರಾಜ್. ಗೊಂದಲವಾದಾಗ ಹುದ್ದೆ ನೋಡಿ. ಜೀಪಿನಿಂದ ಇಳಿದು ಕೈಕೋಳ ತೊಡಿಸುವವರು ಬಹುಮಟ್ಟಿಗೆ ಜಗದೀಶ್ ರಾಜ್. ಮೇಜಿನ ಹಿಂದೆ ಕುಳಿತು ಆ ಇನ್ಸ್‌ಪೆಕ್ಟರನ್ನು ಕಳಿಸುವವರು ಇಫ್ತಿಖಾರ್. ಇದಕ್ಕೆ ಅಪವಾದವೂ ಉಂಟು: 1969ರ ‘ಇತ್ತೆಫಾಕ್’ನಲ್ಲಿ ಇನ್ಸ್‌ಪೆಕ್ಟರ್ ಕರ್ವೆ ಆದವರು ಇಫ್ತಿಖಾರ್ ಅವರೇ.

ವ್ಯರ್ಥವಾದರು ಎಂಬ ಮಾತನ್ನು ಮಾತ್ರ ನಾವು ಒಪ್ಪುವುದಿಲ್ಲ. ಜಲಂಧರದಲ್ಲಿ ಹುಟ್ಟಿ, ಲಖನೌದಲ್ಲಿ ಚಿತ್ರಕಲೆ ಕಲಿತು, ಹಾಡುಗಾರನಾಗಲು ಕಲ್ಕತ್ತೆಗೆ ಹೋದವರು ಅವರು. ಅಶೋಕ್ ಕುಮಾರ್ ಅವರಿಗೆ ಕುಂಚ ಹಿಡಿಯುವುದನ್ನು ಕಲಿಸಿದವರೂ ಅವರೇ. ನೋಡುವುದನ್ನು ಅಭ್ಯಾಸ ಮಾಡಿದ ಕಣ್ಣು ಅದು. ತೆರೆಯ ಮೇಲೂ ಅವರ ಮುಖ್ಯ ಕೆಲಸ ನೋಡುವುದು, ಕೇಳಿಸಿಕೊಳ್ಳುವುದು. ‘ಜಂಜೀರ್’ನ (1973) ಕಮಿಷನರ್ ದೃಶ್ಯಗಳನ್ನು ಗಮನಿಸಿ. ಎದುರಿಗಿರುವ ಅಮಿತಾಭ್ ಕುದಿಯುತ್ತಿದ್ದಾರೆ. ಮೇಲಧಿಕಾರಿಯೂ ದನಿ ಏರಿಸಿದರೆ ಇಬ್ಬರ ಸಿಟ್ಟೂ ಒಂದೇ ಮಟ್ಟಕ್ಕೆ ಬಂದು ನಾಯಕನ ಸಿಟ್ಟಿಗೆ ಬೆಲೆ ಉಳಿಯುವುದಿಲ್ಲ. ಈ ಬಗೆಯ ಪಾತ್ರಗಳು ಕೆಡುವುದು ಹೆಚ್ಚಾಗಿ ಇಲ್ಲೇ: ಮೇಜು ಗುದ್ದುವುದನ್ನೇ ಗತ್ತು ಎಂದುಕೊಂಡಾಗ.

‘ಡಾನ್’ (1978) ನಿಂತಿರುವುದಂತೂ ಅವರ ಡಿಎಸ್‌ಪಿ ಡಿಸಿಲ್ವಾ ಮೇಲೆ. ನಿಜವಾದ ಡಾನ್ ಸತ್ತದ್ದು, ಅವನ ಜಾಗದಲ್ಲಿರುವವನು ಬೀದಿ ಹಾಡುಗಾರ ವಿಜಯ್ ಎಂಬುದು ಪೊಲೀಸರಲ್ಲಿ ಆತನೊಬ್ಬನಿಗೇ ಗೊತ್ತು. ಡಿಸಿಲ್ವಾ ಸತ್ತ ಕ್ಷಣದಿಂದ ವಿಜಯ್‌ಗೆ ಸಾಕ್ಷಿಯೇ ಇಲ್ಲ. ಡಿಸಿಲ್ವಾ ಮಾತಿನ ಮೇಲೆ ನಮಗೆ ಮೊದಲೇ ನಂಬಿಕೆ ಹುಟ್ಟಿರದಿದ್ದರೆ ಉಳಿದ ಅರ್ಧ ಚಿತ್ರದ ಆತಂಕ ನಮ್ಮನ್ನು ತಟ್ಟುತ್ತಲೇ ಇರಲಿಲ್ಲ. ಆ ನಂಬಿಕೆಯನ್ನು ಇಫ್ತಿಖಾರ್ ಹಿಂದಿನ ಹತ್ತಾರು ಚಿತ್ರಗಳಲ್ಲಿ ಗಳಿಸಿಟ್ಟಿದ್ದರು. ಒಂದೇ ಅಚ್ಚಿನ ಪಾತ್ರ ಎಂದು ನೀವು ಮರುಗುತ್ತೀರಿ. ಇಲ್ಲಿ ಅದೇ ಬಂಡವಾಳ.

ಖಾಕಿಯ ಹೊರಗೆ ಅವರನ್ನು ನೋಡಬೇಕೆಂದರೆ ‘ತೀಸ್ರಿ ಕಸಮ್’ನ (1966) ಜಮೀನ್ದಾರ ಇದ್ದಾನೆ. ಆದರೆ ಮೊದಲು ‘ದೀವಾರ್’ (1975) ನೋಡಿ. ಬೂಟ್ ಪಾಲಿಶ್ ಮಾಡುವ ಹುಡುಗ ಎಸೆದ ದುಡ್ಡು ಮುಟ್ಟದೆ, ಎತ್ತಿ ಕೈಗೆ ಕೊಡಿ ಎನ್ನುತ್ತಾನೆ. ಕಳ್ಳಸಾಗಣೆದಾರ ದಾವರ್ ರೇಗುವುದಿಲ್ಲ; ಹುಡುಗನನ್ನು ಅಳೆದು, ಹಾಗೇ ಕೊಡು ಎಂದು ತನ್ನ ಬಂಟನಿಗೆ ಹೇಳುತ್ತಾನೆ. ದಾವರ್ ಇಫ್ತಿಖಾರ್. ಅವನ ಬಂಟರಲ್ಲೊಬ್ಬ ಜಗದೀಶ್ ರಾಜ್.