ಅಗ್ರವೇಟ್ ಅಂದರೆ ಉಲ್ಬಣವೋ, ಕಿರಿಕಿರಿಯೋ?

ಇಂಗ್ಲಿಷಿನ 'ಅಗ್ರವೇಟ್' (aggravate) ಪದವನ್ನು ವೈದ್ಯರ ವರದಿಯಲ್ಲಿ ಒಂದು ಅರ್ಥದಲ್ಲಿ, ಸಹೋದ್ಯೋಗಿಯ ಬರಹದಲ್ಲಿ ಇನ್ನೊಂದು ಅರ್ಥದಲ್ಲಿ ಕಂಡು, ಯಾವುದು ಸರಿ ಎಂದು ಕೇಳಿದ್ದೀರಿ. ಗೊಂದಲಕ್ಕೆ ಕಾರಣ ಬಹುಶಃ ಇಷ್ಟೇ: ಈ ಪದಕ್ಕೆ ಎರಡು ಅರ್ಥಗಳಿವೆ, ನಿಮ್ಮ ನಿಘಂಟು ಒಂದನ್ನೇ ಕೊಟ್ಟಿದೆ. ವೈದ್ಯರ ವರದಿಯಲ್ಲಿ 'ಧೂಳಿನಿಂದ ಕೆಮ್ಮು ಅಗ್ರವೇಟ್ ಆಗುತ್ತದೆ' ಎಂದಿರುವುದೂ ಸರಿ, ಸಹೋದ್ಯೋಗಿ 'ಅವನ ಮಾತು ನನ್ನನ್ನು ಅಗ್ರವೇಟ್ ಮಾಡುತ್ತದೆ' ಎಂದು ಬರೆದದ್ದೂ ತಪ್ಪಲ್ಲ.

ಮೊದಲು ಕರ್ಮಪದ ನೋಡಿ. ಅದು ನೋವು, ಕಾಯಿಲೆ, ಜಗಳ, ಬರಗಾಲದಂಥದ್ದಾದರೆ 'ಉಲ್ಬಣಿಸು', 'ಬಿಗಡಾಯಿಸು'. ಮನುಷ್ಯರಾದರೆ 'ರೇಗಿಸು', 'ತಲೆ ತಿನ್ನು'. ಆಮೇಲೆ ಸಂದರ್ಭ ನೋಡಿ: ಕಾನೂನಿನಲ್ಲಿ 'ಅಗ್ರವೇಟೆಡ್' ಎಂದರೆ ಅಪರಾಧವನ್ನು ಇನ್ನಷ್ಟು ಗಂಭೀರವಾಗಿಸುವ ಅಂಶ ಸೇರಿದೆ ಎಂದು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೋ ಕಾಯ್ದೆಯಲ್ಲೂ ಇದೇ ಅರ್ಥ. ಅಲ್ಲಿ ಸಿಟ್ಟಿಗೆ ಜಾಗವಿಲ್ಲ.

ಮೂಲ ಲ್ಯಾಟಿನ್. 'ಗ್ರಾವಿಸ್' ಅಂದರೆ ಭಾರವಾದ. ಅದರ ಮೊದಲಿಗೆ 'ಆದ್' ಎಂಬ ಉಪಸರ್ಗ ಸೇರಿ, 'ದ್' ಹೋಗಿ 'ಗ್' ಆಗಿ 'ಅಗ್ಗ್ರವಾರೆ', ಅಂದರೆ ಭಾರ ಹೆಚ್ಚಿಸು. ಸ್ಪೆಲಿಂಗಿನಲ್ಲಿ ಎರಡು 'ಜಿ' ಬಂದದ್ದು ಹೀಗೆ. ಗ್ರಾವಿಟಿ (ಗುರುತ್ವ), ಗ್ರೀಫ್ (ದುಃಖ) ಇದೇ ಬೇರಿನವು. ನಮ್ಮ 'ಗುರುತ್ವ'ದಲ್ಲಿರುವ ಸಂಸ್ಕೃತದ 'ಗುರು' ಕೂಡ ದೂರದ ನೆಂಟ. ಭಾರ ಹೇರುವುದರಿಂದ ಹದಗೆಡಿಸುವುದು, ಅಲ್ಲಿಂದ ಕಿರಿಕಿರಿ: ಅರ್ಥ ಜಾರಿದ ದಾರಿ ಇದು. ಕಿರಿಕಿರಿಯ ಅರ್ಥಕ್ಕೆ 17ನೇ ಶತಮಾನದಿಂದಲೇ ದಾಖಲೆಗಳಿವೆ. ಆದರೂ 19ನೇ ಶತಮಾನದಿಂದ ಕೆಲವು ವ್ಯಾಕರಣ ಪಂಡಿತರು ಅದನ್ನು ಹಳಿಯುತ್ತಾ ಬಂದಿದ್ದಾರೆ (ನನಗಂತೂ ಅದು ಅತಿ ಮಡಿ ಅನಿಸುತ್ತದೆ).

ನೀವು ಬರೆದದ್ದನ್ನು ಓದುವವರು ಈ ಅರ್ಥವನ್ನು ಒಪ್ಪುವ ಪಂಥದವರೋ, ಹಳಿಯುವ ಪಂಥದವರೋ ಹೇಳಲಾರೆ. ಪರೀಕ್ಷೆ ಅಥವಾ ಕಚೇರಿ ಪತ್ರವಾದರೆ ಜನರ ವಿಷಯಕ್ಕೆ 'ಇರಿಟೇಟ್' ಬಳಸಿ, 'ಅಗ್ರವೇಟ್' ಅನ್ನು ಸಮಸ್ಯೆಗಳಿಗೆ ಬಿಡಿ.