ಎರಡು ಆಸ್ಪತ್ರೆ, ಒಂದು ಮದ್ದಿನ ಡಬ್ಬಿ: ಕಾಸರಗೋಡಿನಿಂದ ಒಂದು ಉತ್ತರ

ಕೇರಳದ ಸರಕಾರಿ ಆಸ್ಪತ್ರೆಗಳು ದೇಶಕ್ಕೇ ಮಾದರಿ ಅಂತಾರೆ, ಹಾಗಿದ್ದರೂ ಕಾಸರಗೋಡಿನವರು ಸ್ವಲ್ಪ ಜೋರಾದ ಕಾಯಿಲೆ ಬಂದರೆ ಮಂಗಳೂರಿಗೇ ಯಾಕೆ ಓಡುತ್ತೀರಿ ಎಂದು ಕೇಳಿದಿರಿ. ನಿವೃತ್ತರಾದ ಅಪ್ಪ ಅಮ್ಮ ಬದಿಯಡ್ಕದ ಹಳೆಮನೆಗೆ ಬಂದು ಇರಬೇಕೆಂದಿದ್ದಾರೆ, ಇಲ್ಲಿನ ವ್ಯವಸ್ಥೆಯನ್ನು ನಂಬಬಹುದೇ ಎಂದೂ ಕೇಳಿದಿರಿ. ಎರಡಕ್ಕೂ ಸೇರಿಸಿಯೇ ಉತ್ತರ ಹೇಳಬೇಕಾಗುತ್ತದೆ.

ಮಾದರಿ ಎನ್ನುವುದು ಸುಳ್ಳಲ್ಲ. ನಮ್ಮದೇ ಜಿಲ್ಲೆಯ ಕಯ್ಯೂರು, 1943ರಲ್ಲಿ ನಾಲ್ವರು ರೈತ ಹೋರಾಟಗಾರರು ಗಲ್ಲಿಗೇರಿದ ಅದೇ ಕಯ್ಯೂರು, ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರ ರಾಷ್ಟ್ರೀಯ ಗುಣಮಟ್ಟ ಪರೀಕ್ಷೆಯಲ್ಲಿ ನೂರಕ್ಕೆ 99 ಅಂಕ ಪಡೆದು ದೇಶಕ್ಕೇ ಮೊದಲು ಬಂದಿತ್ತು. ಆ ಪರೀಕ್ಷೆಯ ಹೆಸರು ಎನ್‌ಕ್ವಾಸ್. ಕೇಂದ್ರ ಆರೋಗ್ಯ ಇಲಾಖೆ 2013ರಲ್ಲಿ ಶುರು ಮಾಡಿದ್ದು. ಹೊರಗಿನಿಂದ ಬಂದ ಪರೀಕ್ಷಕರು ರಿಜಿಸ್ಟರ್ ತೆರೆಸಿ ನೋಡುತ್ತಾರೆ, ಸಿಸ್ಟರ್‌ಗಳ ಹತ್ತಿರ ಕೈ ತೊಳೆದು ತೋರಿಸಿ ಅಂತಾರೆ, ಒ.ಪಿ.ಯಲ್ಲಿ (ಹೊರರೋಗಿ ವಿಭಾಗದಲ್ಲಿ) ಕೂತ ರೋಗಿಗಳನ್ನೂ ಮಾತಾಡಿಸುತ್ತಾರೆ. ಒಂದೇ ಥರ ಕಾಣುವ, ಒಂದೇ ಥರ ಕೇಳುವ ಹೆಸರಿನ ಮದ್ದುಗಳನ್ನು ಬೇರೆ ಬೇರೆ ಇಟ್ಟಿದ್ದಾರೆಯೇ, ಅಪಾಯಕಾರಿ ಚುಚ್ಚುಮದ್ದಿಗೆ ಗುರುತು ಹಾಕಿದ್ದಾರೆಯೇ, ಮನೆಗೆ ಹೋಗುವ ರೋಗಿಗೆ ಮಾತ್ರೆ ಹೇಗೆ ತೆಗೆದುಕೊಳ್ಳಬೇಕೆಂದು ತಿಳಿಸಿ ಹೇಳಿದ್ದಾರೆಯೇ, ಇದೆಲ್ಲಕ್ಕೂ ಅಂಕ ಉಂಟು. ಒಟ್ಟು ಕನಿಷ್ಠ 70 ಬಂದರೆ ಮಾತ್ರ ಸರ್ಟಿಫಿಕೇಟ್, ಅದೂ ಮೂರೇ ವರ್ಷಕ್ಕೆ. 2017ರಲ್ಲಿ ಕೇರಳ ಸರಕಾರದ ಆರ್ದ್ರಂ ಯೋಜನೆ ಬಂದ ಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಒಂದೊಂದಾಗಿ ಕುಟುಂಬ ಆರೋಗ್ಯ ಕೇಂದ್ರಗಳಾದವು. ಟೋಕನ್, ಕುಳಿತುಕೊಳ್ಳಲು ಕುರ್ಚಿ, ಸಂಜೆಯ ಒ.ಪಿ. ಎಲ್ಲ ಬಂತು. ಬಿ.ಪಿ., ಶುಗರಿನ ಮದ್ದು ತಿಂಗಳು ತಿಂಗಳು ಉಚಿತ. ಈ ಮಟ್ಟದ ಕೆಲಸಕ್ಕೆ ನನಗೆ ಸಂಪೂರ್ಣ ಗೌರವವಿದೆ.

ದೊಡ್ಡ ಕಾಯಿಲೆಗೆ ಬಂದಾಗ ಮಾತು ಬೇರೆ. ಕಾಸರಗೋಡು ಪೇಟೆಯಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್, ಮಂಜೇಶ್ವರದವರಿಗಂತೂ ಇನ್ನೂ ಹತ್ತಿರ. ಕಣ್ಣೂರು ಜಿಲ್ಲೆಯ ಪರಿಯಾರಂ ಮೆಡಿಕಲ್ ಕಾಲೇಜು ಅದಕ್ಕಿಂತ ದೂರ. ನಮ್ಮದೇ ಮೆಡಿಕಲ್ ಕಾಲೇಜಿಗೆ ಉಕ್ಕಿನಡ್ಕದಲ್ಲಿ ಅಡಿಗಲ್ಲು ಹಾಕಿದ್ದು 2013ರಲ್ಲಿ. 2020ರ ಏಪ್ರಿಲಿನಲ್ಲಿ ಅವಸರವಸರವಾಗಿ ಅದನ್ನು ಕೋವಿಡ್ ಆಸ್ಪತ್ರೆ ಮಾಡಿದರು, ಎಂ.ಬಿ.ಬಿ.ಎಸ್. ತರಗತಿಗೆ 50 ಸೀಟು ಸಿಕ್ಕಿದ್ದು 2025ರಲ್ಲಿ. ಅಲ್ಲಿಯವರೆಗೆ ಹೃದಯ, ಕಿಡ್ನಿ, ಮೆದುಳು ಎಂದರೆ ಮಂಗಳೂರೇ. 1956ಕ್ಕೆ ಮೊದಲು ನಾವೆಲ್ಲ ಒಂದೇ ಜಿಲ್ಲೆಯವರು, ಮದುವೆ, ವ್ಯಾಪಾರ, ಕಾಲೇಜು, ಆಸ್ಪತ್ರೆ ಎಲ್ಲಕ್ಕೂ ಆ ದಿಕ್ಕಿಗೇ ಹೋಗಿ ಅಭ್ಯಾಸ. ಮಂಗಳೂರಿನ ಆಸ್ಪತ್ರೆಗಳಲ್ಲಿ ಕೇರಳದಿಂದ ಬಂದ ಸಿಸ್ಟರ್‌ಗಳೇ ಎಷ್ಟೋ ಮಂದಿ. ಹಾಗಾಗಿ ಕನ್ನಡ, ತುಳು, ಮಲಯಾಳ, ಬ್ಯಾರಿ ಯಾವುದರಲ್ಲಿ ಮಾತಾಡಿದರೂ ಅಲ್ಲಿ ನಡೆಯುತ್ತದೆ.

ನಾನು ನಿಮಗೆ ಮುಖ್ಯವಾಗಿ ಹೇಳಬೇಕಾದದ್ದು ಇಲ್ಲಿಂದ ಮುಂದೆ. ನಮ್ಮ ಕಡೆ ರೋಗಿಗೆ ಅಪಾಯ ಹುಟ್ಟುವುದು ಹೆಚ್ಚಾಗಿ ಎರಡು ಆಸ್ಪತ್ರೆಗಳ ನಡುವಿನ ದಾರಿಯಲ್ಲಿ. ಈ ಕಡೆ ಒಳ್ಳೆಯ ಆರೋಗ್ಯ ಕೇಂದ್ರ, ಆ ಕಡೆ ಒಳ್ಳೆಯ ಡಾಕ್ಟರು. ಇವರು ಏನು ಕೊಟ್ಟರೆಂದು ಅವರಿಗೆ ಗೊತ್ತಿಲ್ಲ, ಅವರು ಏನು ನಿಲ್ಲಿಸಿದರೆಂದು ಇವರಿಗೆ ಗೊತ್ತಿಲ್ಲ. ಸಂಗತಿ ಗೊತ್ತಿರುವುದು ಮನೆಯ ಮದ್ದಿನ ಡಬ್ಬಿಗೆ ಮಾತ್ರ.

ನಮ್ಮ ನೆರೆಮನೆಯ ಅಜ್ಜಿಯದನ್ನೇ ಹೇಳುತ್ತೇನೆ. ಎದ್ದು ನಿಂತರೆ ತಲೆ ತಿರುಗುತ್ತದೆ, ಕಾಲು ಊದಿದೆ, ವಯಸ್ಸಾಯಿತಲ್ಲ ಎಂದು ಎಲ್ಲರೂ ಸುಮ್ಮನಿದ್ದರು. ಅಜ್ಜನನ್ನು ನೋಡಲು ಪಂಚಾಯತಿನ ಪಾಲಿಯೇಟಿವ್ ಸಿಸ್ಟರ್, ಅಂದರೆ ದೀರ್ಘ ಕಾಯಿಲೆಯವರನ್ನು ಮನೆಗೇ ಬಂದು ನೋಡಿಕೊಳ್ಳುವ ದಾದಿ, ಆ ಮನೆಗೆ ಬರುವುದುಂಟು. ಒಂದು ದಿನ ಅವರು, "ಅಜ್ಜೀ, ನಿಮ್ಮ ಮದ್ದೂ ತನ್ನಿ, ನೋಡುವ" ಎಂದರು. ಬಿಸ್ಕತ್ತಿನ ತಗಡಿನ ಡಬ್ಬಿ ಬಂತು. ಸಿಸ್ಟರ್ ಅದನ್ನು ಜಗಲಿಯ ಮೇಲೆ ಸುರಿದು ಒಂದೊಂದೇ ಸ್ಟ್ರಿಪ್ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿದರು. ಮಂಗಳೂರಿನ ಡಾಕ್ಟರು ಬರೆದದ್ದು ಕಂಪನಿ ಹೆಸರಿನ ಮಾತ್ರೆ, ಹೊಳೆಯುವ ಸ್ಟ್ರಿಪ್. ಸರಕಾರಿ ಕೇಂದ್ರದಲ್ಲಿ ಕೊಟ್ಟದ್ದು ಕಾಗದದ ಕವರಿನಲ್ಲಿದ್ದ ಬಿಳಿ ಮಾತ್ರೆ. ಎರಡೂ ಒಂದೇ ಮದ್ದು, ಬಿ.ಪಿ. ಇಳಿಸುವ ಆಮ್ಲೋಡಿಪಿನ್. ಬೆಳಿಗ್ಗೆ ಅದು, ರಾತ್ರಿ ಇದು. ಒಂದು ಬಿ.ಪಿ.ಗೆ, ಇನ್ನೊಂದು "ಹಾರ್ಟಿಗೆ" ಎಂದೇ ಅಜ್ಜಿ ನಂಬಿದ್ದರು. ಸಿಸ್ಟರ್ ಅಲ್ಲಿಂದಲೇ ಕೇಂದ್ರದ ಡಾಕ್ಟರಿಗೆ ಫೋನು ಮಾಡಿ ಕೇಳಿ, ಒಂದನ್ನು ನಿಲ್ಲಿಸಿದರು. ಕೆಲವು ದಿನಗಳಲ್ಲಿ ಕಾಲಿನ ಊತ ಇಳಿಯಿತು.

ಇಲ್ಲಿ ಯಾವ ಡಾಕ್ಟರೂ ತಪ್ಪು ಮದ್ದು ಬರೆದಿರಲಿಲ್ಲ ಎನ್ನುವುದನ್ನು ಗಮನಿಸಿ. ಎರಡೂ ಕಡೆ ಪರೀಕ್ಷಕರು ಬಂದಿದ್ದರೆ ಎರಡೂ ಕಡೆ ಪೂರ್ತಿ ಅಂಕ ಸಿಗುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಮದ್ದಿನಿಂದಾಗುವ ಹಾನಿ ತಗ್ಗಿಸಲು ಒಂದು ಜಾಗತಿಕ ಅಭಿಯಾನ ಶುರು ಮಾಡಿದಾಗ ಮೂರು ಕಡೆ ಹೆಚ್ಚು ಎಚ್ಚರ ಬೇಕೆಂದು ಹೇಳಿತ್ತು: ಅಪಾಯ ಹೆಚ್ಚಿರುವ ಮದ್ದು ಮತ್ತು ಸಂದರ್ಭ, ಒಬ್ಬರೇ ಹಲವು ಮದ್ದು ತೆಗೆದುಕೊಳ್ಳುವುದು, ರೋಗಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವ ಹೊತ್ತು. ಕಾಸರಗೋಡಿನ ವಯಸ್ಸಾದವರಲ್ಲಿ ಈ ಮೂರೂ ಒಟ್ಟಿಗೆ ಕೂಡಿಬರುತ್ತವೆ. ರೋಗಿಯನ್ನು ಇನ್ನೊಂದು ಆಸ್ಪತ್ರೆಗೆ ಕಳಿಸುವಾಗ ಬರೆದುಕೊಡುವ ರೆಫರಲ್ ಚೀಟಿಯ ನಿಯಮವೇನೋ ಎನ್‌ಕ್ವಾಸಿನಲ್ಲಿ ಉಂಟು. ಆದರೆ ನಮ್ಮವರು ಮಂಗಳೂರಿಗೆ ಹೋಗುವುದು ಚೀಟಿ ಬರೆಸಿಕೊಂಡಲ್ಲ. ಮಗನೋ ಅಳಿಯನೋ ಕಾರು ತಂದರೆ ಹತ್ತಿ ಹೋಗುತ್ತಾರೆ. ಆ ಪ್ರಯಾಣ ಯಾವ ರಿಜಿಸ್ಟರಿನಲ್ಲೂ ಬರುವುದಿಲ್ಲ.

ಈ ದಾರಿಯ ಬೆಲೆ ಎಷ್ಟೆಂದು ಹೊರಗಿನವರಿಗೂ ಗೊತ್ತಾದದ್ದು 2020ರ ಮಾರ್ಚ್ ಕೊನೆಗೆ. ಕರ್ನಾಟಕ ತಲಪಾಡಿಯಲ್ಲಿ ಗಡಿ ಮುಚ್ಚಿತು, ಒಳದಾರಿಗಳಿಗೆ ಮಣ್ಣು ಸುರಿಸಿತು. ಆಂಬುಲೆನ್ಸ್ ಹಿಂದೆ ತಿರುಗಿ, ಚಿಕಿತ್ಸೆ ಸಿಗದೆ ಜನ ಸತ್ತರು. ಕೇರಳ ಹೈಕೋರ್ಟು ತಡೆ ತೆಗೆಯಿರಿ ಎಂದಿತು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, ಏಪ್ರಿಲ್ 7ರ ಹೊತ್ತಿಗೆ ಕೋವಿಡ್ ಅಲ್ಲದ ರೋಗಿಗಳನ್ನು ಷರತ್ತಿನ ಮೇಲೆ ಬಿಡುವ ಏರ್ಪಾಡಾಯಿತು. ಗಡಿಯ ಮಣ್ಣನ್ನು ಎಲ್ಲರೂ ನೋಡಿದರು. ಡಯಾಲಿಸಿಸ್ ರೋಗಿಗಳ ಕಡತ ಆ ಕಡೆಯ ಕಪಾಟಿನಲ್ಲಿತ್ತು, ರೋಗಿ ಈ ಕಡೆ ಹೊಸ ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದ ಎನ್ನುವುದನ್ನು ಅಷ್ಟಾಗಿ ಯಾರೂ ಬರೆಯಲಿಲ್ಲ. ನನ್ನ ಪ್ರಕಾರ ಆ ವರ್ಷದ ದೊಡ್ಡ ಪಾಠ ಅದೇ ಆಗಬೇಕಿತ್ತು.

ಭಾಷೆಯ ವಿಷಯವನ್ನೂ ಬಿಡುವಂತಿಲ್ಲ. ಕಾಸರಗೋಡು, ಮಂಜೇಶ್ವರ ತಾಲೂಕಿನಲ್ಲಿ ಕನ್ನಡ ಶಾಲೆಯಲ್ಲಿ ಕಲಿತ ಹಿರಿಯರಿಗೆ ಮಲಯಾಳ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ತೆಂಕಣ ಜಿಲ್ಲೆಗಳಿಂದ ವರ್ಗವಾಗಿ ಬಂದ ಫಾರ್ಮಸಿಸ್ಟ್ ಕವರಿನ ಮೇಲೆ ಮಲಯಾಳದಲ್ಲಿ ಬರೆದುಕೊಡುತ್ತಾರೆ, ಅವರಿಗೆ ಬರುವುದು ಅದೇ. ಊಟಕ್ಕೆ ಮೊದಲೋ ನಂತರವೋ ಎಂದು ಅಜ್ಜಿ ಮನೆಗೆ ಬಂದು ಮೊಮ್ಮಗನನ್ನು ಕೇಳಬೇಕು. ಸೂರ್ಯ, ಚಂದ್ರರ ಚಿತ್ರಕ್ಕೆ ಗೀಟು ಹಾಕಿ ಕೊಡುವ ಕವರು ಇದ್ದಲ್ಲಿ ಈ ತೊಂದರೆಯೇ ಇಲ್ಲ. ಮಾಹಿತಿ ಸ್ಥಳೀಯ ಭಾಷೆಯಲ್ಲಿ, ಅರ್ಥವಾಗುವಂತೆ ಇರಬೇಕು ಎನ್ನುವುದು ಅದೇ ರಾಷ್ಟ್ರೀಯ ಮಾನದಂಡದ ಮಾತು. ಇಲ್ಲಿನ ಸ್ಥಳೀಯ ಭಾಷೆಗಳಲ್ಲಿ ಕನ್ನಡವೂ ಒಂದು. ಔಷಧಿ ಕೌಂಟರಿನಲ್ಲಿ ಕವರಿನ ಮೇಲೆ "ಊಟಕ್ಕೆ ಮೊದಲು", "ಊಟದ ನಂತರ" ಎಂದು ಒತ್ತುವ ಒಂದು ಕನ್ನಡ ಮೊಹರು ಇಟ್ಟರೆ ಸಾಕು, ಅದಕ್ಕೆ ಹೋರಾಟ ಸಮಿತಿಯೇನೂ ಬೇಕಾಗಬಾರದು.

ರೋಗಿ ಸುರಕ್ಷತೆಗಾಗಿ 2018ರಿಂದ 2025ರವರೆಗೆ ಎಂದು ರಾಷ್ಟ್ರೀಯ ಚೌಕಟ್ಟೊಂದು ಬಂತು. ಅದಾದ ಮೇಲೆ 14 ಅಂಕಿಯ ಆಭಾ ಸಂಖ್ಯೆ ಬಂತು, ದೇಶದ ಯಾವ ಮೂಲೆಯಲ್ಲೂ ರೋಗಿಯ ದಾಖಲೆ ಸಿಗಲಿ ಎಂದು. ಎರಡೂ ರಾಜ್ಯದ ಆಸ್ಪತ್ರೆಗಳು ಅದರಲ್ಲಿ ನಿಜವಾಗಿ ದಾಖಲೆ ತುಂಬಿದರೆ ನಮ್ಮಷ್ಟು ಉಪಯೋಗ ಯಾರಿಗೂ ಆಗಲಿಕ್ಕಿಲ್ಲ. ಆದರೆ ಅದಕ್ಕೆ ಕಾದು ಕೂರಬೇಕಾಗಿಲ್ಲ. ಮದ್ದನ್ನು ಜೆನೆರಿಕ್ ಹೆಸರಿನಲ್ಲಿ (ಕಂಪನಿ ಇಟ್ಟ ಹೆಸರಲ್ಲ, ಮದ್ದಿನ ಮೂಲ ಹೆಸರು), ಓದಲು ಬರುವಂತೆ, ಆದಷ್ಟು ಇಂಗ್ಲಿಷ್ ದೊಡ್ಡಕ್ಷರದಲ್ಲಿ (ಕ್ಯಾಪಿಟಲ್) ಬರೆಯಬೇಕೆಂದು ಡಾಕ್ಟರುಗಳಿಗೆ 2016ರಲ್ಲೇ ಭಾರತೀಯ ವೈದ್ಯಕೀಯ ಮಂಡಳಿ ಹೇಳಿತ್ತು. ತಲಪಾಡಿಯ ಎರಡೂ ಬದಿಯವರು ಅದೊಂದನ್ನು ಪಾಲಿಸಿದರೆ ನೆರೆಮನೆಯ ಅಜ್ಜಿಗೆ ಆದಂಥದ್ದು ಬಹುಪಾಲು ನಿಲ್ಲುತ್ತದೆ.

ಇನ್ನು ನಿಮ್ಮ ಅಪ್ಪ ಅಮ್ಮನ ವಿಷಯ. ಧೈರ್ಯವಾಗಿ ಕಳಿಸಿ. ಬಿ.ಪಿ., ಶುಗರಿಗೆ ಹತ್ತಿರದ ಕುಟುಂಬ ಆರೋಗ್ಯ ಕೇಂದ್ರದಲ್ಲೇ ಹೆಸರು ಬರೆಸಲಿ, ವಾರ್ಡಿನ ಆಶಾ ಕಾರ್ಯಕರ್ತೆಯ ಪರಿಚಯ ಮೊದಲ ವಾರವೇ ಮಾಡಿಕೊಳ್ಳಲಿ. ಎದೆನೋವು, ಬಾಯಿ ಓರೆಯಾಗುವುದು, ಒಂದು ಬದಿ ಸೋಲುವುದು ಇಂಥದ್ದಾದರೆ ಹೊತ್ತು ಕಳೆಯದೆ ಹೃದಯ ಅಥವಾ ಮೆದುಳಿನ ತಜ್ಞರಿರುವ ಆಸ್ಪತ್ರೆಗೆ ಹೋಗಬೇಕು. ಯಾವುದೆಂದು ಈಗಲೇ ಕೇಳಿ ಗೊತ್ತುಮಾಡಿ, ಫೋನ್ ನಂಬರು ಗೋಡೆಗೆ ಅಂಟಿಸಿ. ಮತ್ತೆ ಒಂದು ಚಿಕ್ಕ ನೋಟ್‌ಬುಕ್ ಇಡಿ: ಮದ್ದಿನ ಜೆನೆರಿಕ್ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತು, ಯಾರು ಬರೆದದ್ದು, ಯಾವುದನ್ನು ಯಾವಾಗ ನಿಲ್ಲಿಸಿದ್ದು, ಯಾವ ಮದ್ದು ಅಲರ್ಜಿ. ಹೆಸರುಗಳನ್ನು ಇಂಗ್ಲಿಷ್ ದೊಡ್ಡಕ್ಷರದಲ್ಲಿ ಬರೆಯಿರಿ, ಆ ಕಡೆಯವರೂ ಈ ಕಡೆಯವರೂ ಓದುವುದು ಅದನ್ನೇ. ಎಲ್ಲಿಗೆ ಹೋದರೂ ಡಾಕ್ಟರು ಪೆನ್ನು ಎತ್ತುವ ಮೊದಲು ಅದನ್ನು ಅವರ ಮುಂದೆ ಇಡಲು ಹೇಳಿ.